ಸೈಕಲ್ ಟ್ಯೂಬಿನ ತುಂಡು

ವಾಡಿಯ ಆ ವರ್ಕ್‌ಶಾಪಿಗೆ ತುಕ್ಕು ಹಿಡಿದ ಎಂಥ ಟ್ಯಾಂಕೇ ಬರಲಿ, ಅದಕ್ಕೆ ಕೆಲಸಗಾರ ಭಗವಂತನೇ ಆಗಬೇಕು. ಗಾಳಿಯ ಒತ್ತಡದಲ್ಲಿ ಕಪ್ಪು ಹರಳು ಚಿಮ್ಮಿಸಿ ಕಬ್ಬಿಣವನ್ನು ಬೆಳ್ಳಗೆ ಮಾಡುವ ಬ್ಲಾಸ್ಟಿಂಗ್ ಪೈಪು ಅವನ ಕೈಗೆ ಬಂದು ಹತ್ತೊಂಬತ್ತು ವರ್ಷ. ಮಳಖೇಡದಿಂದ ಬೆಳಗಿನ ಬಸ್ಸಿಗೆ ಬರುವ ಈ ಮನುಷ್ಯನಿಗೆ ತನ್ನ ಕೈಯ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಕೆಲಸ ಬಲ್ಲವನಿಗೆ ಅಷ್ಟಾದರೂ ಬೇಡವೇ?

ಆ ಪೈಪಿನ ತುದಿಗೊಂದು ಹಿಡಿಕೆ. ಒತ್ತಿ ಹಿಡಿದರೆ ಮಾತ್ರ ಗಾಳಿ, ಕೈ ಬಿಟ್ಟರೆ ಬಂದ್. ಹಿಡಿದವನು ಬಿದ್ದರೂ ಸತ್ತರೂ ತಾನಾಗಿ ನಿಲ್ಲಲಿ ಎಂದು ಮಾಡಿದ್ದು. ಅದಕ್ಕೇ ಎಲ್ಲರೂ ಅದನ್ನು ‘ಹೆಣದ ಹಿಡಿಕೆ’ ಎನ್ನುತ್ತಿದ್ದರು. ಆರು ತಿಂಗಳಿಂದ ಭಗವಂತ ಆ ಹಿಡಿಕೆಗೆ, ಕೈ ಸಡಿಲಾದರೂ ಅದು ಒತ್ತಿಯೇ ಇರುವಂತೆ, ಸೈಕಲ್ ಟ್ಯೂಬಿನ ತುಂಡೊಂದನ್ನು ಬಿಗಿದು ಕೆಲಸ ಮಾಡುತ್ತಿದ್ದ. ಬಲಗೈಯ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಇದು ಇಂಜಿನಿಯರ್ ಲಕ್ಷ್ಮಿಕಾಂತರ ಕಿವಿಗೆ ಬಿದ್ದರೆ ಪೈಪು ಬೇರೆಯವರ ಪಾಲು. ಪೈಪಿಲ್ಲದ ಭಗವಂತ ಯಾರು? ಆ ಯೋಚನೆ ಬಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಹರಳಿನ ಡ್ರಮ್ಮಿನ ಪಕ್ಕ ನಿಂತು ಗಾಳಿಯ ವಾಲ್ವ್ ಕಾಯುವವಳು ಯಶೋಧರಾ. ಒಂದು ಸೋಮವಾರ ಅವಳು ಟ್ಯೂಬನ್ನು ನೋಡಿಬಿಟ್ಟಳು.

“ಕಾಕಾ, ಇದೇನ್ರಿ? ಬಿಚ್ಚರಿ.”

“ನಿನಗ್ಯಾಕವ್ವ? ನಿನ್ನ ವಾಲ್ವ್ ನೀ ನೋಡ್ಕೋ.”

“ಅದೇ ನೋಡ್ಲಿಕತ್ತೀನ್ರಿ. ಇದು ಬಿಚ್ಚೂತನಾ ವಾಲ್ವ್ ತೆರಿಯಂಗಿಲ್ಲ. ಯಾರ ಮುಂದನೂ ಹೇಳಂಗಿಲ್ಲ, ಹೆದರಬ್ಯಾಡ್ರಿ.”

ಕಡ್ಡಿ ಮುರಿದಂತೆ ಹೇಳಿದಳು. ಭಗವಂತ ಒಳಗೇ ಉರಿದುಹೋದ. ಟ್ಯೂಬು ಬಿಚ್ಚಿ ಜೇಬಿಗೆ ತುರುಕಿ, ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕಿಳಿದ.

ಹತ್ತು ನಿಮಿಷ ಚೆನ್ನಾಗಿಯೇ ಸಾಗಿತು. ಬೆರಳು ಯಾವಾಗ ಸೋತವೋ ಗೊತ್ತಾಗಲಿಲ್ಲ, ಪೈಪು ಕೈಜಾರಿ ನೆಲಕ್ಕೆ ಬಿತ್ತು. ಬಿದ್ದದ್ದು ಸುಮ್ಮನೆ ಮಲಗಿತು. ಸದ್ದೂ ನಿಂತಿತು. ತಿರುಗಿ ನೋಡಿದರೆ, ಎಲ್ಲೋ ಸಿಕ್ಕಿಕೊಂಡ ಪೈಪನ್ನು ಬಿಡಿಸಲು ಬಂದ ಯಶೋಧರಾ ಎರಡು ಮಾರು ದೂರದಲ್ಲಿ ಬಗ್ಗಿದ್ದಳು. ವಾಲ್ವ್ ಬಿಟ್ಟು ಬರಬಾರದಿತ್ತು, ಬಂದಿದ್ದಳು. ಪೈಪಿನ ಬಾಯಿ ನೇರ ಅವಳ ಕಡೆಗೇ ತಿರುಗಿತ್ತು.

ಅವಳು ಬೆಚ್ಚಲಿಲ್ಲ. ನಿಂತುಹೋದ ಪೈಪಿಗೆ ಯಾಕೆ ಬೆಚ್ಚಬೇಕು? ಬೆಚ್ಚಿದವನು ಭಗವಂತ. ಜೇಬಿನಲ್ಲಿದ್ದ ತುಂಡು ಹಿಡಿಕೆಯ ಮೇಲಿದ್ದಿದ್ದರೆ! ಹೆಲ್ಮೆಟ್ ತೆಗೆದು ಅಲ್ಲೇ ಕುಕ್ಕರಿಸಿದ.

ನೀರು ಕುಡಿದು ನೇರ ಲಕ್ಷ್ಮಿಕಾಂತರ ಕೋಣೆಗೆ ಹೋಗಿ, ಟ್ಯೂಬಿನ ತುಂಡನ್ನು ಮೇಜಿನ ಮೇಲಿಟ್ಟ.

“ಏನಪಾ ಇದು?”

“ಆರು ತಿಂಗಳಾತ್ರಿ ಸಾಹೇಬ್ರ, ನನ್ನ ಬೆರಳಿನ ಕೆಲ್ಸ ಇದೇ ಮಾಡ್ಲಿಕತ್ತಿತ್ತು.”

ಲಕ್ಷ್ಮಿಕಾಂತರು ಬೈಯಲಿಲ್ಲ. ಕೈಯನ್ನು ಕಲಬುರಗಿಯ ಡಾಕ್ಟರಿಗೆ ತೋರಿಸಲು ಕಳಿಸಿದರು. ಪೈಪನ್ನು ಯಶೋಧರಾಗೆ ಕೊಟ್ಟರು, ಅವಳಿಗೆ ಕಲಿಸುವ ಕೆಲಸವನ್ನು ಭಗವಂತನಿಗೆ. ಅವನಿಗೆ ದುಃಖವಾಯಿತು, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಈಗ ವಾಲ್ವಿನ ಪಕ್ಕ ನಿಲ್ಲುವವನು ಅವನು. ಅಲ್ಲಿಂದ ಒಂದು ಹೆಜ್ಜೆ ಕದಲುವುದಿಲ್ಲ. ದಿನಾ ಬೆಳಿಗ್ಗೆ ಗಾಳಿ ಬಿಟ್ಟ ಕೂಡಲೇ ಕೈಯೆತ್ತಿ ಸನ್ನೆ ಮಾಡುತ್ತಾನೆ: ಬಿಡು. ಯಶೋಧರಾ ಬೆರಳು ಸಡಿಲಿಸುತ್ತಾಳೆ, ಪೈಪು ಸುಮ್ಮನಾಗುತ್ತದೆ. ಅದು ಸುಮ್ಮನಾದದ್ದನ್ನು ಕಿವಿಯಾರೆ ಕೇಳಿದ ಮೇಲೆಯೇ ಅವನು ಇನ್ನೊಂದು ಸನ್ನೆ ಮಾಡಿ, “ಹಾಂ, ಈಗ ಹಿಡಿಯವ್ವ” ಎನ್ನುತ್ತಾನೆ. ಹೆಲ್ಮೆಟ್ಟಿನೊಳಗಿನ ಅವಳಿಗೆ ಆ ಮಾತು ಕೇಳಿಸುವುದಿಲ್ಲ. ಆದರೂ ಹೇಳುತ್ತಾನೆ.