ಅಕ್ಕನ ವಯಸ್ಸಿಗೊಂದು ಪುಸ್ತಕ

ಐವತ್ತೆರಡರ ಅಕ್ಕ ತಾನು ಬೇರೆ ಮನೆ ಮಾಡುತ್ತೇನೆಂದಾಗ ತಂಗಿಗೆ ಮೊದಲು ನೆನಪಾದದ್ದು ಡಾಕ್ಟರು, ಆಮೇಲೆ ಪುಸ್ತಕ. ತಾಯಿ ತೀರಿದ ಮೇಲೆ ತಂಗಿಯನ್ನು ಸಾಕಿದವಳು ಅಕ್ಕ. ಹಗಲೆಲ್ಲ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸಿ ಬಂದು ಸಂಜೆ ಇವಳ ಜಡೆ ಹೆಣೆದವಳು. ಅಂಥವಳಿಗೆ ಈಗ ಒಂಟಿಯಾಗಿರುವ ಆಸೆ ಹುಟ್ಟಿದರೆ ಅದು ಬಂದುಹೋಗುವ ಘಟ್ಟವಷ್ಟೇ ಎಂದು ಬಲ್ಲವರು ಯಾರಾದರೂ ಬರೆದಿರಬೇಕಲ್ಲ. ಅದನ್ನು ತೋರಿಸಿದರೆ, ಬಾಡಿಗೆಮನೆಗೆ ಮಾತು ಕೊಡುವ ಮೊದಲೇ ಅಕ್ಕನನ್ನು ತಡೆಯಬಹುದು.

ಗ್ರಂಥಾಲಯದಲ್ಲಿ ಮನಸ್ಸಿನ ಬೆಳವಣಿಗೆಯ ಪುಸ್ತಕ ಕೇಳಿದ್ದಕ್ಕೆ ಗ್ರಂಥಪಾಲಕಿ ಸೀದಾ ಮಕ್ಕಳ ಪಾಲನೆಯ ಕಪಾಟಿಗೆ ಕರೆದೊಯ್ದು, ಮಗುವಿಗೆ ಎಷ್ಟು ವಯಸ್ಸು ಎಂದು ವಿಚಾರಿಸಿದರು. ಐವತ್ತೆರಡು ಎಂದಳು ತಂಗಿ. ಆಕೆ ನಗಲಿಲ್ಲ. ದೊಡ್ಡವರು ಬೆಳೆಯುವುದರ ಬಗ್ಗೆ ಬರೆದ ಪುಸ್ತಕಗಳು ಚೆಲ್ಲಾಪಿಲ್ಲಿಯಾಗಿ ಸಿಗುತ್ತವೆ ಎನ್ನುತ್ತ, ನಿವೃತ್ತಿಯ ಸಾಲಿನಿಂದ ಒಂದು, ಶಿಕ್ಷಣದ ಸಾಲಿನಿಂದ ಒಂದು ಹುಡುಕಿ ತೆಗೆದರು. ಮೊದಲನೆಯದು ಬದುಕನ್ನು ವಯಸ್ಸಿನ ಮೆಟ್ಟಿಲುಗಳಾಗಿ ಕತ್ತರಿಸಿತ್ತು. ಎರಡನೆಯದು ಮೆಟ್ಟಿಲೇ ಇಲ್ಲ, ತನ್ನನ್ನು ತಾನು ನೋಡಿಕೊಳ್ಳುವ ರೀತಿ ಬದಲಾಗುವುದೇ ಬೆಳವಣಿಗೆ ಎನ್ನುತ್ತಿತ್ತು.

"ಒಂದನ್ನೇ ಓದಿದ್ರೆ ಅದೇ ವೇದವಾಕ್ಯ ಆಗ್ಬಿಡತ್ತೆ," ಎಂದರು ಗ್ರಂಥಪಾಲಕಿ. "ಜಗಳ ಆಡೋ ಎರಡನ್ನ ಜೊತೆಗೆ ಓದಿ."

ತಂಗಿ ಓದಿದ್ದು ಮಾತ್ರ ಮೊದಲನೆಯದನ್ನೇ. ಅಕ್ಕನ ವಯಸ್ಸಿನ ಅಧ್ಯಾಯದಲ್ಲಿ ತನ್ನ ವಾದಕ್ಕೆ ಹೊಂದಿದ ಕಡೆಯೆಲ್ಲ ಚೀಟಿ ಇಟ್ಟಳು. ಹೊಂದದ ಸಾಲುಗಳನ್ನು ಕಂಡೂ ಕಾಣದ ಹಾಗೆ ದಾಟಿದಳು. ರಜೆಯ ದಿನ ಬೆಳಿಗ್ಗೆ ಅಡುಗೆಮನೆಗೆ ಬಂದರೆ ಅಕ್ಕ ಆ ಚೀಟಿಗಳ ಜಾಡು ಹಿಡಿದು ಓದುತ್ತ ಕೂತಿದ್ದಳು.

"ನನ್ನ ರಿಪೋರ್ಟ್ ಚೆನ್ನಾಗಿ ತಯಾರು ಮಾಡಿದೀಯ," ಎಂದಳು. "ಆದ್ರೆ ನಮ್ಮ ಲ್ಯಾಬಲ್ಲಿ ಬೇಕಾದ ಉತ್ತರ ಬರೋ ತನಕ ಪರೀಕ್ಷೆ ಮಾಡ್ತಾ ಕೂರಲ್ಲ ಕಣೇ."

ಇದು ಒಂದು ಘಟ್ಟವಲ್ಲದೆ ಮತ್ತೇನು ಎಂದು ತಂಗಿ ಗೊಣಗಿದಳು.

"ಇರಬಹುದು. ಹದಿನೈದರಲ್ಲಿ ನೀನು ಬಾಗಿಲು ಹಾಕ್ಕೊಂಡು ಕೂರ್ತಿದ್ದೆ. ನಾನು ಆ ಬಾಗಿಲು ಬಡೀತಿರಲಿಲ್ಲ."

ತಂಗಿ ಪುಸ್ತಕವನ್ನು ಎಳೆದುಕೊಂಡು ಮುಚ್ಚಿದಳು. ಇಷ್ಟು ದಿನ ಯಾವ ಪುಸ್ತಕಕ್ಕೂ ಕೇಳದಿದ್ದ ಪ್ರಶ್ನೆ ಈಗ ತಾನಾಗಿಯೇ ಹೊರಬಂತು. "ನೀನು ಹೋದ್ರೆ ನಾನೇನು ಮಾಡ್ಲಿ?"

ಅಕ್ಕ ಸಮಾಧಾನ ಹೇಳಲಿಲ್ಲ. ತನಗೂ ಅದೇ ಹೆದರಿಕೆ, ಆದರೂ ಹೋಗಬೇಕು ಅನ್ನಿಸುತ್ತಿದೆ ಎಂದಷ್ಟೇ ಹೇಳಿ ಕಾಫಿ ಬಗ್ಗಿಸಿದಳು. ಅಕ್ಕನಿಗೂ ಹೆದರಿಕೆಯಾಗುತ್ತದೆಂದು ತಂಗಿ ಎಣಿಸಿಯೇ ಇರಲಿಲ್ಲ. ಕಾಫಿ ಮುಗಿಸಿ, ಆ ಬಾಡಿಗೆಮನೆಗೆ ಬೆಳಕು ಹೇಗೆ ಬರುತ್ತದೆ ಎಂದು ಕೇಳಿದಳು. ಗೊತ್ತಿಲ್ಲ, ತಾನು ನೋಡಿದ್ದು ಮುಸ್ಸಂಜೆಯಲ್ಲಿ ಎಂದಳು ಅಕ್ಕ.

"ಹಾಗೆಲ್ಲ ಮನೆ ಹಿಡೀತಾರಾ?" ತಂಗಿ ಎದ್ದಳು. "ನಡಿ, ಬಿಸಿಲಿರೋವಾಗ್ಲೇ ನೋಡ್ಕೊಂಡು ಬರೋಣ."