ಯಾರ ಥರ

"ನಿಮ್ಮಮ್ಮನ್ನ ಮಣ್ಣು ಮಾಡಿದ ದಿನ ಸಂಜೇನೇ ಮೂವತ್ತು ಅಂಕ ಹೊಡೆದೆಯಂತಲ್ಲ. ನಾಚಿಕೆ ಆಗ್ಲಿಲ್ವಾ?"

ಕೇಳಿದ ಮೇಲೆ ಹಾಲ್ವರ್ಸನ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ದನಿ ಅವನು ಬಯಸಿದ ಹಾಗೆಯೇ ಬಂದಿತ್ತು, ಒರಟಾಗಿ, ಸ್ವಲ್ಪ ಬೇಸರ ಬಂದವನಂತೆ. ಮೇಜಿನ ಆಚೆ ಬದಿಯಲ್ಲಿ ಜಾರ್ವನ್ ಟಿಲ್ರಿ ತನ್ನ ಉದ್ದನೆಯ ಮೊಣಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಓರೆಯಾಗಿ ಕೂತಿದ್ದ.

ಟಿಲ್ರಿ ಮಿಸಿಸಿಪಿಯ ಒಂದು ಸಣ್ಣ ಕಾಲೇಜಿನ ಬಾಸ್ಕೆಟ್‌ಬಾಲ್ ಆಟಗಾರ. ಹೋದ ವಾರದ ಡ್ರಾಫ್ಟ್‌ನಲ್ಲಿ, ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನು ಸರದಿಯ ಮೇಲೆ ಹೆಕ್ಕಿಕೊಳ್ಳುವಾಗ, ಟೊಲೀಡೊ ತಂಡ ಇವನನ್ನು ಎರಡನೇ ಸುತ್ತಿನ ಕೊನೆಯಲ್ಲಿ ಎತ್ತಿಕೊಂಡಿತ್ತು. ಎತ್ತಿಕೊಂಡದ್ದು ಅಷ್ಟೇ, ಇಟ್ಟುಕೊಳ್ಳುವುದು ಬೇರೆ ಮಾತು. ಎರಡನೇ ಸುತ್ತಿನವರಿಗೆ ಒಪ್ಪಂದದ ಖಾತ್ರಿ ಇಲ್ಲ. ಇವನು ಬೆಳೆಯುವ ಪೈಕಿಯೋ ಅಲ್ಲವೋ ಎಂದು ಸಂಜೆಯೊಳಗೆ ಹೇಳಬೇಕಿತ್ತು. ಹೇಳಬೇಕಾದವನು ತಂಡದ ಪರೀಕ್ಷಕ ಹಾಲ್ವರ್ಸನ್. ಟಿಲ್ರಿಯನ್ನು ಕಂಡುಹಿಡಿದವನೂ ಅವನೇ. ಚಳಿಗಾಲವೆಲ್ಲ ಮಿಸಿಸಿಪಿಯ ಸೋರುವ ಕ್ರೀಡಾಂಗಣಗಳಲ್ಲಿ ಕೂತು ಈ ಹುಡುಗನಿಗಾಗಿ ಚಪ್ಪಾಳೆ ತಟ್ಟಬೇಕೆನ್ನಿಸಿದರೂ ಪರೀಕ್ಷಕನ ಶಿಸ್ತಿಗೆ ಕೈ ಕಟ್ಟಿಕೊಂಡಿದ್ದವನು.

ಸಿಟ್ಟು ಬರಿಸುವ ಪ್ರಶ್ನೆ ಕೇಳುವುದು ಈ ಕಸುಬಿನ ಪದ್ಧತಿ. ಹುಡುಗ ಮೇಜು ಗುದ್ದಿದರೆ ಒಳಗೆ ಬೆಂಕಿ ಇದೆ ಎಂದರ್ಥ. ಬೆಂಕಿ ಇದ್ದವನು ಗೆಲ್ಲುತ್ತಾನೆ. ಯಾವ ಪುಣ್ಯಾತ್ಮ ಇದನ್ನು ಕಂಡುಹಿಡಿದನೋ ಗೊತ್ತಿಲ್ಲ. ಈಚೆಗೆ ಹುಡುಗರ ಏಜೆಂಟರು ಮೊದಲೇ ಹೇಳಿಕೊಟ್ಟು ಕಳಿಸುತ್ತಾರೆ: ಅಮ್ಮನ ಸುದ್ದಿ ಬಂದಾಗ ಎದ್ದು ನಿಲ್ಲು, ಕುರ್ಚಿ ಒದೆ. ಹೋದ ವರ್ಷ ಒಬ್ಬ ನೀರಿನ ಜಗ್ಗು ಒಡೆದಿದ್ದ. ಎಲ್ಲರಿಗೂ ರೋಮಾಂಚನ. ಹಿಮ ಬೀಳುವ ಮೊದಲೇ ಅವನನ್ನು ಬೇರೆ ತಂಡಕ್ಕೆ ಸಾಗಹಾಕಿದರು.

ಟಿಲ್ರಿಗೆ ಅವನ ಏಜೆಂಟ್ ಏನೂ ಹೇಳಿಕೊಟ್ಟಿರಲಿಲ್ಲ.

"ನಾಚಿಕೆನಾ ಸರ್..." ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಅದೇ ತಪ್ಪಾಯಿತು. "ಮನೇಲಿ ಎಲ್ರೂ ಅಳ್ತಾ ಇದ್ರು. ಯಾರೂ ಅಳದೇ ಇರೋ ಜಾಗ ಅಂದ್ರೆ ಅದೊಂದೇ ಇತ್ತು."

ಕಿಟಕಿಯ ಪಕ್ಕ ಕೂತಿದ್ದ ಲೋಮೈಯರ್, ಮಾಲೀಕರ ಪರವಾಗಿ ತಂಡದ ಆಡಳಿತ ನಡೆಸುವವನು, ಕಾಗದದ ಪಿನ್ನಿನಿಂದ ಉಗುರಿನ ಕೊಳೆ ತೆಗೆಯುತ್ತಿದ್ದ. ತಲೆ ಎತ್ತಲಿಲ್ಲ. ತರಬೇತುದಾರ ಪ್ರೂಯೆಟ್ ಆಕಳಿಸಿದ.

ಒಂದು ಕಾಲಕ್ಕೆ ಹಾಲ್ವರ್ಸನ್ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ. ಇಂಥ ಉತ್ತರಕ್ಕಾಗಿ ಆಗ ವರ್ಷಗಟ್ಟಲೆ ಕಾದಿದ್ದ. ಒಬ್ಬ ವಿದ್ಯಾರ್ಥಿಯೂ ಕೊಟ್ಟಿರಲಿಲ್ಲ. ಎದ್ದು ಹೋಗಿ ಹುಡುಗನ ಭುಜ ಹಿಡಿದುಕೊಳ್ಳಬೇಕು ಅನ್ನಿಸಿತು.

"ಅಂದ್ರೆ ಅಮ್ಮ ಸತ್ತಿದ್ದು ನಿನಗೆ ಲೆಕ್ಕಕ್ಕೇ ಇಲ್ಲ," ಎಂದ.

"ಹಾಗಲ್ಲ ಸರ್."

"ಮತ್ತೆ ಹೇಗೆ?"

"ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ ಸರ್. ತಪ್ಪು ತಿಳ್ಕೋಬೇಡಿ."

ಗುದ್ದೋ, ಮಾರಾಯ, ಮೇಜು ಗುದ್ದು, ಎಂದು ಹಾಲ್ವರ್ಸನ್ ಮನಸ್ಸಿನಲ್ಲೇ ಹಲ್ಲು ಕಚ್ಚಿದ. ಟಿಲ್ರಿ ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟು ಶಾಲೆಯ ಹುಡುಗನಂತೆ ಮುಂದಿನ ಪ್ರಶ್ನೆಗೆ ಕಾದ. ಅವನನ್ನು ಹೊರಗೆ ಕಳಿಸಿದರು.

ಬಾಗಿಲು ಮುಚ್ಚಿದ್ದೇ ಪ್ರೂಯೆಟ್ ನಕ್ಕ. "ಏನಯ್ಯಾ ಪ್ರೊಫೆಸರ್, ಆಟಗಾರನ್ನ ತಂದಿದೀಯೋ ಪಾದ್ರೀನ ತಂದಿದೀಯೋ? ಎದುರಾಳಿ ಮೊಣಕೈಲಿ ತಿವಿದ್ರೆ ಇವನು 'ಸರ್, ನಿಮಗೆ ನೋವಾಯ್ತಾ' ಅಂತಾನೆ."

"ಬೆಳಿಗ್ಗೆ ಆಡಿದ್ದು ನೋಡಿದ್ರಲ್ಲ," ಎಂದ ಹಾಲ್ವರ್ಸನ್.

"ನೋಡ್ದೆ. ಕೈ ಚೆನ್ನಾಗಿದೆ. ಕೈ ಎಲ್ರದ್ದೂ ಚೆನ್ನಾಗಿರುತ್ತೆ."

ಬೆಳಿಗ್ಗೆ ಟಿಲ್ರಿ ಎಸೆದ ಚೆಂಡುಗಳು ಕಬ್ಬಿಣದ ಬಳೆಯನ್ನು ಸೋಕದೆ ಬಲೆಯೊಳಗೆ ಇಳಿಯುತ್ತಿದ್ದವು. ಪಕ್ಕದ ಅಂಕಣದ ಹಳೆಯ ಆಟಗಾರರು ತಮ್ಮ ಆಟ ನಿಲ್ಲಿಸಿ ನೋಡಿದ್ದರು. ಅದನ್ನು ಈಗ ಹೇಳಬೇಕಿತ್ತು.

ಲೋಮೈಯರ್ ಪಿನ್ನು ಕೆಳಗಿಟ್ಟ. "ಹಾಲ್ವರ್ಸನ್, ಇವನು ನಿನ್ನ ಹುಡುಗ. ಇವನನ್ನ ತಲೆ ಮೇಲೆ ಹೊತ್ಕೊಂಡು ಕುಣಿದವನು ನೀನು. ಮಾಲೀಕರು ಕೇಳಿದ್ರೆ ನಿನ್ನ ಹೆಸರೇ ಹೇಳ್ತೀನಿ. ನಿನ್ನ ನೌಕರಿ ಮುಂದುವರಿಸೋ ಮಾತೂ ಈ ತಿಂಗಳೇ ಬರುತ್ತೆ. ಹೇಳು ಈಗ. ಯಾರ ಥರ?"

ಈ ಕಸುಬಿನಲ್ಲಿ ಯಾರೂ ತಮ್ಮ ಥರ ಇರುವ ಹಾಗಿಲ್ಲ. ಎಷ್ಟೇ ನೋಡಿ, ಎಷ್ಟೇ ಅಳೆದು ತೂಗಿದರೂ ಕೊನೆಗೆ ಇನ್ನೊಬ್ಬ ಆಟಗಾರನ ಹೆಸರು ಹೇಳಬೇಕು. ಆ ಹೆಸರೇ ತೀರ್ಪು. ಡ್ರಾಫ್ಟ್‌ನ ದಿನ ಹಾಲ್ವರ್ಸನ್ ಹೇಳಿದ್ದು ಲೀರಾಯ್ ಬ್ರಾಂಟ್ಲಿಯ ಹೆಸರು. ಬ್ರಾಂಟ್ಲಿಯ ಅಂಗಿಯನ್ನು ಗೌರವಕ್ಕೆಂದು ಇದೇ ಕ್ರೀಡಾಂಗಣದ ಮಾಡಿನಿಂದ ಇಳಿಬಿಟ್ಟಿದ್ದಾರೆ.

ಅದೇ ಹೆಸರನ್ನು ಇನ್ನೊಂದು ಸಲ ಹೇಳಿದರೆ ಸಾಕಿತ್ತು. ಹುಡುಗ ಉಳಿಯುತ್ತಿದ್ದ. ನಾಳೆ ಅವನು ಮುಗ್ಗರಿಸಿದರೆ ಹಾಲ್ವರ್ಸನ್ ಹೋಗುತ್ತಿದ್ದ. ಐವತ್ತು ದಾಟಿದ, ಬೇರೆ ಕೆಲಸ ಬಾರದ, ತನ್ನ ಬಾಡಿಗೆ ಮನೆಯಲ್ಲಿ ರೇಡಿಯೋ ಹಾಕಿಟ್ಟೇ ಮಲಗುವವನನ್ನು ಯಾರು ಕರೆಯುತ್ತಾರೆ? ಹೆದರಿಕೆಯಾಯಿತು. ಇನ್ನೇನೂ ಅಲ್ಲ, ಬರೀ ಹೆದರಿಕೆ.

"ಡ್ವೇನ್ ಪೆಟ್ಟಿಬೋನ್ ಥರ," ಎಂದ.

ಪ್ರೂಯೆಟ್ ಮೇಜು ತಟ್ಟಿ ನಕ್ಕ. ಲೋಮೈಯರ್ ಕೂಡ ನಕ್ಕ. ಪೆಟ್ಟಿಬೋನ್ ಒಳ್ಳೆಯ ಹುಡುಗ, ಸಾಧು. ಬಂದ ವರ್ಷವೇ ಮರೆಯಾದವನು. ಅವನ ಮೊಣಕಾಲು ಮುರಿದಿತ್ತು ಅನ್ನುವುದನ್ನು ಜನ ಮರೆತಿದ್ದಾರೆ. ಸಾಧುವಾಗಿದ್ದ ಅನ್ನುವುದು ಮಾತ್ರ ನೆನಪಿದೆ. ಅವನ ಹೆಸರು ಈಗ ಕೆಲಸಕ್ಕೆ ಬಾರದವನಿಗೆ ಇನ್ನೊಂದು ಹೆಸರು.

"ಆಯ್ತಲ್ಲ ಹಾಗಾದ್ರೆ," ಎಂದು ಲೋಮೈಯರ್ ಎದ್ದ. "ನಾಳೆ ಬೆಳಿಗ್ಗೆ ಏಜೆಂಟನಿಗೆ ಹೇಳ್ತೀನಿ. ಅಲ್ಲೀತನಕ ಯಾರೂ ಬಾಯಿ ಬಿಡಬೇಡಿ. ತಪ್ಪು ಒಪ್ಕೊಂಡೆ, ಒಳ್ಳೇದು. ಅದಕ್ಕೂ ಧೈರ್ಯ ಬೇಕು." ಹೋಗುವಾಗ ಹಾಲ್ವರ್ಸನ್ನನ ಬೆನ್ನು ತಟ್ಟಿದ. ಆ ತಟ್ಟು ಹಿತವಾಗಿತ್ತು. ಹಿತವಾದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಹೊರಗೆ, ಗೆದ್ದ ಟ್ರೋಫಿಗಳ ಗಾಜಿನ ಕಪಾಟಿನ ಎದುರು ಟಿಲ್ರಿಯ ಅಕ್ಕ ವರ್ನೆಟ್ ಕೂತಿದ್ದಳು. ತಮ್ಮನನ್ನು ಮಿಸಿಸಿಪಿಯಿಂದ ಕಾರಿನಲ್ಲಿ ಕರೆತಂದವಳು ಅವಳೇ. ತೊಡೆಯ ಮೇಲೆ ಬೆಳ್ಳಿ ಕಾಗದ ಮುಚ್ಚಿದ ತಟ್ಟೆ ಇತ್ತು. ಹಾಲ್ವರ್ಸನ್ನನನ್ನು ಕಂಡು ಎದ್ದು ನಿಂತಳು.

"ಸರ್, ಗೆಣಸಿನ ಪೈ ಮಾಡ್ಕೊಂಡು ಬಂದೆ. ಇವನನ್ನ ನೋಡೋಕೆ ಅಂತ ನಮ್ಮೂರಿಗೆ ಬಂದವರು ನೀವೊಬ್ರೇ. ಅಮ್ಮ ಇದ್ದಿದ್ರೆ ಅವಳೇ ಮಾಡ್ತಿದ್ಲು."

"ಇದೆಲ್ಲ ಯಾಕೆ."

"ತಗೊಳ್ಳಿ ಸರ್, ಪರವಾಗಿಲ್ಲ." ದನಿ ತಗ್ಗಿಸಿದಳು. "ಒಂದು ಮಾತು ಕೇಳ್ಲಾ? ನನ್ನ ಮಗಳು ಮೂರನೇ ಕ್ಲಾಸು. ಇಲ್ಲಿ ಯಾವ ಕಡೆ ಶಾಲೆ ಚೆನ್ನಾಗಿದೆ? ಅಲ್ಲೇ ಮನೆ ನೋಡೋಣ ಅಂತ. ಊರಲ್ಲಿ ಕೆಲಸ ಬಿಟ್ಟೇ ಬಂದಿದೀನಿ. ಇವನೊಬ್ನೇ ಇದ್ರೆ ಊಟಾನೂ ಮಾಡಲ್ಲ."

ಗೊತ್ತಿಲ್ಲ ಅನ್ನಬಹುದಿತ್ತು. ನಾಳೆ ಮಾತಾಡೋಣ ಅನ್ನಬಹುದಿತ್ತು.

"ನದಿಯಾಚೆ ನೋಡಿ," ಎಂದ ಹಾಲ್ವರ್ಸನ್. "ಶಾಲೆ ಚೆನ್ನಾಗಿದೆ. ಪಕ್ಕದಲ್ಲೇ ಗ್ರಂಥಾಲಯ. ಚಳಿಗಾಲದಲ್ಲಿ ಮಕ್ಕಳು ಅಲ್ಲಿ ಹಿಮದ ಮೇಲೆ ಜಾರಾಡ್ತಾರೆ." ಬಸ್ಸು ಎಲ್ಲಿ ನಿಲ್ಲುತ್ತದೆಂದೂ ಹೇಳಿದ. ನಿಲ್ಲಿಸಲು ಆಗಲೇ ಇಲ್ಲ. ಅವಳು ಕೇಳುತ್ತ ಕೇಳುತ್ತ ಅರಳಿದಳು. ಹಿಮವನ್ನು ತನ್ನ ಮಗಳು ನೋಡಿಯೇ ಇಲ್ಲವೆಂದಳು.

ಪೈಯನ್ನು ಅವನು ಎರಡೂ ಕೈಯಲ್ಲಿ ಇಸಿದುಕೊಂಡ. ಕಾಗದದ ಮೇಲಿಂದಲೂ ಬಿಸಿ ತಾಗಿತು. ಇಲ್ಲೇ ಎಲ್ಲೋ ಕೇಳಿಕೊಂಡು ಬಿಸಿ ಮಾಡಿಸಿದ್ದಾಳೆ.

ಅಂಕಣದೊಳಗೆ ಟಿಲ್ರಿ ಒಬ್ಬನೇ ಇದ್ದ. ಬೂಟು ಬಿಚ್ಚಿ ಬರೀ ಸಾಕ್ಸಿನಲ್ಲಿ ಗೋಡೆಯ ಹತ್ತಿರ ನಿಂತಿದ್ದ. ಆ ಗೋಡೆಯ ಮೇಲೆ ತೋಳಿನ ಹರವು ಅಳೆಯಲು ಅಡ್ಡಲಾಗಿ ಪಟ್ಟಿ ಬಳಿದಿದ್ದಾರೆ. ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಯವರೆಗೆ.

"ಸರ್, ಇನ್ನೊಂದ್ಸಲ ಅಳೀತೀರಾ? ಬೆಳಿಗ್ಗೆ ಪ್ರೂಯೆಟ್ ಸರ್ ತೋಳು ಗಿಡ್ಡ ಅಂದ್ರು. ನಾನು ಸರಿಯಾಗಿ ನಿಂತಿರ್ಲಿಲ್ಲ." ನಾಚಿಕೊಂಡು ನಕ್ಕ. "ಮಾತಲ್ಲಿ ನಾನು ಸೊನ್ನೆ ಅಂತ ಗೊತ್ತು ಸರ್. ಒಳಗೆ ಏನೇನೋ ಹೇಳ್ಬಿಟ್ಟೆ. ಇದಾದ್ರೂ ಸರಿಯಾಗ್ಲಿ."

ಹೇಳಿಬಿಡಬೇಕು. ಈಗಲೇ, ಎರಡೇ ಮಾತು.

"ಗೋಡೆ ಕಡೆ ತಿರುಗು," ಎಂದ ಹಾಲ್ವರ್ಸನ್.

ಟಿಲ್ರಿ ತಿರುಗಿದ. ಎದೆ ಗೋಡೆಗೆ ಒತ್ತಿ, ಕೆನ್ನೆ ಒತ್ತಿ, ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದ. ಅಂಗಿ ಮೇಲೇರಿ ಬೆನ್ನೆಲುಬಿನ ಗಂಟುಗಳು ಕಂಡವು. ಬೆರಳುಗಳು ಪಟ್ಟಿಯ ಮೇಲೆ ಮುಂದಕ್ಕೆ ತೆವಳಿದವು. ಅವನ ಮುಖ ಆ ಕಡೆಗಿತ್ತು.

"ಇನ್ನೂ ಚಾಚು," ಎಂದ ಹಾಲ್ವರ್ಸನ್.

ಚಾಚಿದ. ಭುಜದ ಕೀಲು ಲಟಕ್ಕೆಂದಿತು.

ಹಾಲ್ವರ್ಸನ್ ಪಟ್ಟಿಯನ್ನು ನೋಡಲಿಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟ. ಹೊಳಪು ಕೊಟ್ಟ ನೆಲದ ಮೇಲೆ ಬೂಟು ಕಿರುಗುಟ್ಟದಂತೆ, ಮುಂಗಾಲನ್ನು ಮೊದಲು ಊರುತ್ತ, ಪೈಯ ತಟ್ಟೆಯನ್ನು ಹೊಟ್ಟೆಗೆ ಅವಚಿಕೊಂಡು ಬಾಗಿಲ ತನಕ ಹೋದ. ಬಾಗಿಲನ್ನು ಭುಜದಿಂದ ನೂಕಿದ. ಅದು ಸದ್ದು ಮಾಡಲಿಲ್ಲ.

"ಎಷ್ಟು ಬಂತು ಸರ್?" ಎಂದು ಟಿಲ್ರಿ ಗೋಡೆಯನ್ನು ಕೇಳಿದ.

ಸ್ವಲ್ಪ ಹೊತ್ತು ಕಾದ. ಆಮೇಲೆ ತುದಿಗಾಲಿನ ಮೇಲೆ ನಿಂತು ಇನ್ನಷ್ಟು ಚಾಚಿದ.