ಉತ್ತರ ಹೇಳದ ಮಧ್ಯಾಹ್ನ

ಅಮ್ಮನ ಹೊಲಿಗೆ ಮೇಜಿನ ಕೆಳಗೆ ಪುಟ್ಟ ಹುಡುಗಿ ಗುಬ್ಬಿಗೆ ಒಂದು ಲೋಕವೇ ಇತ್ತು. ಮಧ್ಯಾಹ್ನದ ಬಿಸಿಲು ಪರದೆಯಿಂದ ಸೋಸಿ ಬಂದು ನೆಲದ ಮೇಲೆ ಹಳದಿ ಕೊಳ ಕಟ್ಟುತ್ತಿತ್ತು. ಮೇಲಿಂದ ಉದುರಿದ ಬಟ್ಟೆಯ ಚೂರುಗಳು ಅದರಲ್ಲಿ ಮೀನುಗಳಂತೆ ತೇಲುತ್ತಿದ್ದವು. ಗುಬ್ಬಿ ಅವನ್ನೇ ನೋಡುತ್ತಾ ಮೈಮರೆಯುತ್ತಿದ್ದಳು. ಆದರೆ ಅಮ್ಮ 'ಲೆಕ್ಕ' ಎಂದರೆ ಸಾಕು, ಅವಳ ಮುಖ ಬಾಡುತ್ತಿತ್ತು.

ಅಮ್ಮನಿಗೆ ಪುರುಸೊತ್ತು ಕಡಿಮೆ. ಮಿಷನ್ ತುಳಿಯುತ್ತಲೇ ಏಳಕ್ಕೆ ಐದು ಕೂಡಿದರೆ ಎಷ್ಟು ಎಂದು ಕೇಳುವಳು. ಮಗು ಬೆರಳು ಬಿಡಿಸುವಷ್ಟರಲ್ಲಿ ಹನ್ನೆರಡು ಎಂದು ತಾನೇ ಹೇಳಿಬಿಡುವಳು. ಮಗಳಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ಒಂದು ದಿನ ಗುಬ್ಬಿ ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದಳು. ಯಾಕೆ ಎಂದು ಗದರಿದರೆ ತಲೆ ತಗ್ಗಿಸಿದಳು.

"ನಾನು ದಡ್ಡಿ ಅಲ್ವಾಮ್ಮ?"

ಅಮ್ಮನ ಕಾಲು ಮಿಷನ್ ಮೇಲೆ ನಿಂತುಹೋಯಿತು.

ಪಕ್ಕದ ಮನೆಯ ಟೀಚರಕ್ಕ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಸಂಜೆ ಅಂಗಿಗೆ ಗುಂಡಿ ಹಾಕಿಸಲು ಬಂದವಳ ಮುಂದೆ ಅಮ್ಮ ತನ್ನ ಗೋಳು ತೋಡಿಕೊಂಡಳು. ನಮ್ಮ ವಂಶದಲ್ಲೇ ಯಾರ ತಲೆಗೂ ಲೆಕ್ಕ ಹತ್ತಲಿಲ್ಲ, ಇವಳಿಗೆ ಎಲ್ಲಿಂದ ಬಂದೀತು ಎಂದಳು.

"ಅಲ್ಲ ತಂಗಿ, ಮಗೂನ ಸದಾ ಎತ್ಕೊಂಡೇ ಓಡಾಡಿದ್ರೆ ಅದು ನಡೆಯೋದು ಕಲಿಯೋದು ಯಾವಾಗ? ನೀನು ಉತ್ತರ ಹೇಳ್ಬೇಡ. ಕೇಳು, ಆಮೇಲೆ ಸುಮ್ನಿರು."

"ಸುಮ್ನಿದ್ರೆ ಕಲೀತಾಳಾ ಅಕ್ಕ? ಕಲಿಸೋಕೆ ನನ್ನ ಹತ್ರ ಏನಿದೆ, ಈ ಚಿಂದಿ ಬಟ್ಟೆ ಬಿಟ್ರೆ?"

ಅದೇ ಸಾಕು ಎಂದಳು ಟೀಚರಕ್ಕ. ದಿನವೂ ಸ್ವಲ್ಪ ಹೊತ್ತು ಆಟದ ಹಾಗೆ ಲೆಕ್ಕ ಮಾಡಿಸು, ಮುಟ್ಟಿ ಎಣಿಸಲು ಏನಾದರೂ ಕೊಡು, ತಪ್ಪಾದರೆ ಬೈಯಬೇಡ, ಹೇಗೆ ಮಾಡಿದೆ ಎಂದು ಕೇಳು, ಸರಿಯಾದರೂ ಅದನ್ನೇ ಕೇಳು ಎಂದು ಹೇಳಿಕೊಟ್ಟಳು.

ಅಮ್ಮನಿಗೆ ಅರೆನಂಬಿಕೆ. ಆದರೂ ಮರುದಿನ ಮಗಳ ಮುಂದೆ ಗುಂಡಿಗಳನ್ನು ಸುರಿದು, ಮೂರು ಅಂಗಿಗೆ ಸಮನಾಗಿ ಹಂಚು ಎಂದಳು. ಗುಬ್ಬಿ ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಇಟ್ಟಳು. ಉತ್ತರ ಅಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಬಾಯಿ ತೆರೆಯದಿರಲೆಂದು ದಾರವನ್ನು ಹಲ್ಲಿನಲ್ಲಿ ಕಚ್ಚಿ ಕೂತಳು. ಗುಬ್ಬಿ ಮತ್ತೆ ನೋಡಿದಳು, ಹೆಚ್ಚಿದ್ದ ಗುಂಡಿಯನ್ನು ಮೆಲ್ಲಗೆ ಕಡಿಮೆಯಿದ್ದ ಕಡೆಗೆ ಸರಿಸಿದಳು.

ದಿನಗಳು ಹೀಗೇ ಸಾಗಿದವು. ಅಮ್ಮನ ತಂಗಿಗೆ ಹೆರಿಗೆ ಹತ್ತಿರ ಬಂದಿತ್ತು. ಹುಟ್ಟುವ ಕೂಸಿಗೆಂದು ಅಮ್ಮ ಚೌಕದ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುತ್ತಿದ್ದಳು. ಕೊನೆಯ ಸಾಲಿಗೆ ಒಂದು ಚೌಕ ಕಡಿಮೆ ಬಿತ್ತು. ಉಳಿದದ್ದು ಮೂರು ಮೂಲೆಯ ಎರಡು ನೀಲಿ ಚೂರು ಮಾತ್ರ. ಅಮ್ಮನಿಗೆ ದಾರಿ ಗೊತ್ತಿತ್ತು. ಆದರೆ ಚೂರುಗಳನ್ನು ಮಗಳ ಕೈಗಿಟ್ಟು, ಈ ಜಾಗ ತುಂಬುತ್ತೀಯಾ ಎಂದು ಕೇಳಿ ಸುಮ್ಮನಾದಳು.

ಗುಬ್ಬಿ ಬಿಸಿಲಿನ ಕೊಳದಲ್ಲಿ ಕೂತು ಚೂರುಗಳನ್ನು ತಿರುಗಿಸಿದಳು. ಒಮ್ಮೆ ಅವು ಹಕ್ಕಿಯ ರೆಕ್ಕೆಯಾದವು, ಒಮ್ಮೆ ಮನೆಯ ಸೂರಾದವು. ಬೆಳಕು ನಿಧಾನವಾಗಿ ಗೋಡೆ ಹತ್ತಿತು. ಕೊಡಬೇಕಾದ ಬಟ್ಟೆ ರಾಶಿ ಬಿದ್ದಿದ್ದರೂ ಅಮ್ಮ ಮಿಷನ್ ಮುಟ್ಟಲಿಲ್ಲ. ಕೊನೆಗೆ ಖಾಲಿ ಜಾಗದಲ್ಲಿ ನೀಲಿ ಚೌಕವೊಂದು ಮೂಡಿತು.

"ಹೇಗೆ ಮಾಡಿದೆ ಕಂದ?"

"ಮೊದ್ಲು ಬೆಟ್ಟ ಆಗಿಬಿಡ್ತಮ್ಮ. ಆಮೇಲೆ ಉದ್ದದ ಬದಿ ಎರಡನ್ನೂ ಅಂಟಿಸಿ ಮಲಗಿಸ್ದೆ. ನಿದ್ದೆ ಮಾಡಿದ್ವು, ಚೌಕ ಆಯ್ತು."

ಅಮ್ಮನ ಕಣ್ಣು ಮಂಜಾಯಿತು. ಮರುದಿನ ಬೆಳಿಗ್ಗೆ ಅಮ್ಮ ಎಬ್ಬಿಸುವ ಮೊದಲೇ ಗುಬ್ಬಿ ಎದ್ದು ಶಾಲೆಯ ಚೀಲ ಹೆಗಲಿಗೇರಿಸಿದಳು. ಅಮ್ಮ ಬೇಲಿಯಾಚೆ ನಿಂತಿದ್ದ ಟೀಚರಕ್ಕನಿಗೆ, ಸುಮ್ಮನಿರುವುದೇ ಇಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ ಎಂದಳು. ಇಬ್ಬರೂ ನಕ್ಕರು.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮಗು ಲೆಕ್ಕದ ಮುಂದೆ ಮೌನವಾಗಿ ಕೂತಿದ್ದರೆ ಅದನ್ನು ದಡ್ಡತನ ಅನ್ನಬೇಡಿ. ಮಗು ಒಳಗೇ ದಾರಿ ಹುಡುಕುತ್ತಿರಬಹುದು. ಊಟಕ್ಕೆ ತಟ್ಟೆ ಎಷ್ಟು ಬೇಕೆಂದು ಕೇಳಿ, ಕಾಳನ್ನು ಸಮನಾಗಿ ಹಂಚಲು ಹೇಳಿ. ಇಂದೇ ಶುರು ಮಾಡಿ, ದಿನವೂ ಮಾಡಿಸಿ. ಕೇಳಿದ ಮೇಲೆ ಒಂದಿಷ್ಟು ಕಾಯಿರಿ. ಉತ್ತರ ಮಗುವಿನ ಬಾಯಿಂದಲೇ ಬರಲಿ.